ಸಮುದ್ರ ದಾಟಿದ ಕಂಬಳಿ

ರಾಮೇಶ್ವರದ ಹಡಗುಕಟ್ಟೆಯಲ್ಲಿ ನನ್ನ ಟ್ರಂಕು ತೆಗೆಸಿ ನೋಡಿದ ಕಸ್ಟಮ್ಸಿನವನು, ಅದರೊಳಗಿದ್ದ ಕರಿ ಕಂಬಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಮುಖ ನೋಡಿದ. ಏಪ್ರಿಲ್ ತಿಂಗಳು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಲಂಕೆಯಲ್ಲಿ ಅಷ್ಟು ಚಳಿಯೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ನನಗಲ್ಲ, ಅಣ್ಣನಿಗೆ ಎಂದೆ. ಅಣ್ಣ ಅಲ್ಲಿ ಯಾವ ಊರಲ್ಲಿದ್ದಾನೆ ಎಂದ. ಗೊತ್ತಿಲ್ಲ ಎಂದೆ. ಅವನು ಇನ್ನೇನೂ ಕೇಳದೆ ಸೀಮೆಸುಣ್ಣದಿಂದ ಟ್ರಂಕಿನ ಮೇಲೆ ಒಂದು ಗೀಟೆಳೆದು, ಹೋಗು ಎಂದು ಕೈ ಮಾಡಿದ. ಹುಚ್ಚರ ಜೊತೆ ವಾದಕ್ಕಿಳಿಯಬಾರದೆಂದು ಅವನಿಗೂ ಮನೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕು.

ಅದು ಎಂಬತ್ತೊಂದನೆಯ ಇಸವಿಯ ಬೇಸಿಗೆ ರಜೆ. ನನಗೆ ಆಗ ಇಪ್ಪತ್ತೇಳು. ಬೆಳಗಾವಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸದಾಶಿವನಗರದಲ್ಲಿ ಒಂದು ಮನೆಯ ಹಿಂಬದಿಯ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿದ ಕೂಡಲೇ ರವಿವಾರ ಪೇಟೆಗೆ ಹೋಗಿ ಅವ್ವ ಹೇಳಿದ ಬೆಲ್ಲ, ಒಣಮೆಣಸಿನಕಾಯಿ, ಚಹಾಪುಡಿ ಕಟ್ಟಿಸಿಕೊಂಡು ಖಾನಾಪುರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಇಳಿದು, ಮರಾಠಿ ಮಾತಿನ ಗದ್ದಲದ ನಡುವೆ ಒಂದು ಕಪ್ ಚಹಾ ಕುಡಿದು, ಬೀಡಿಯ ಬಸ್ಸಿಗೆ ಕಾಯುತ್ತಿದ್ದೆ. ಬೀಡಿ ನಮ್ಮ ಊರು. ನಾನು ಮನೆ ಮುಟ್ಟುವುದಕ್ಕೂ ಕುರಿಗಳು ಹಟ್ಟಿಗೆ ತಿರುಗುವುದಕ್ಕೂ ಸರಿಹೋಗುತ್ತಿತ್ತು. ಅವ್ವ ಕೆಲಸದಿಂದ ತಲೆಯೆತ್ತಿ, "ಬಂದ್ಯಾ? ಬೆಲ್ಲ ತಂದಿ?" ಎನ್ನುತ್ತಿದ್ದಳು. ಮೊದಲನೆಯ ಪ್ರಶ್ನೆಗೆ ಅವಳಿಗೆ ಉತ್ತರ ಬೇಕಿರಲಿಲ್ಲ. ಎರಡನೆಯದಕ್ಕೆ ಬೇಕಿತ್ತು.

ನಮ್ಮದು ಕುರಿ ಸಾಕುವ ಮನೆತನ. ಸ್ವಲ್ಪ ಹೊಲವೂ ಇತ್ತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ಮನೆಯ ಯಜಮಾನಿಕೆ ಕಾಕಾನದು. ಕಾಕಾ, ಕಾಕಿ, ಅವರ ಮಕ್ಕಳು, ನಾವು, ಎಲ್ಲ ಒಂದೇ ಒಲೆ. ಮಳೆಗಾಲ ಹಿಡಿಯುವ ಮುಂಚೆ ಗಂಡಸರು ಕುರಿ ಹೊಡೆದುಕೊಂಡು ಮಳೆ ಕಡಿಮೆ ಇರುವ ಮೂಡಲ ಸೀಮೆಗೆ ಹೊರಡುತ್ತಿದ್ದರು. ನಮ್ಮ ಕಡೆಯ ಮಳೆ ಕುರಿಯ ಗೊರಸಿಗೆ ಆಗಿಬರುವುದಿಲ್ಲ. ಅವರು ತಿರುಗಿ ಬರುವುದು ದೀಪಾವಳಿಯ ಹೊತ್ತಿಗೆ. ಬಂದವರು ಸೀದಾ ಒಳಗೆ ಬರುವಂತಿಲ್ಲ. ಹೆಂಗಸರು ಅವರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ, ಕಾಲಿಗೆ ನೀರು ಹಾಕಿ, ರೊಟ್ಟಿಯ ತುಣುಕನ್ನು ಮುಖದ ಸುತ್ತ ನಿವಾಳಿಸಿ ದೂರ ಒಗೆದು, ಒದ್ದೆ ಬೆರಳಿಂದ ಕಣ್ಣಿಗೆ ನೀರು ಹಚ್ಚಿದ ಮೇಲೆಯೇ "ಒಳಗ ಬಾ" ಎನ್ನುವುದು. ದಾರಿಯಲ್ಲಿ ಏನೇನು ಬೆನ್ನು ಹತ್ತಿರುತ್ತದೋ, ಅದು ಆ ತುಣುಕಿಗೆ ಅಂಟಿಕೊಂಡು ಹೊರಗೇ ಉಳಿಯಲಿ ಎಂದು ಈ ಪದ್ಧತಿ.

ಹೆಣ್ಣುಮಕ್ಕಳಿಗೆ ಇದನ್ನು ಮಾಡಬಾರದೆಂದು ಯಾರೂ ಹೇಳಿರಲಿಲ್ಲ. ಆದರೆ ನಾವು ಎಲ್ಲಿಂದ ಬರಬೇಕಿತ್ತು? ಕೆರೆಯಿಂದ, ಹೊಲದಿಂದ, ಹೆಚ್ಚೆಂದರೆ ಶಾಲೆಯಿಂದ. ಮದುವೆಯಾದ ಮಗಳು ಕೂಸು ಎತ್ತಿಕೊಂಡು ಬಂದರೆ ಕೂಸಿನ ನೆಪದಲ್ಲಿ ಅವಳಿಗೂ ಒಂದು ತುಣುಕು ಸಿಗುತ್ತಿತ್ತು. ನನಗೆ ಮದುವೆಯೂ ಆಗಿರಲಿಲ್ಲ, ಕೂಸೂ ಇರಲಿಲ್ಲ. ಇದ್ದದ್ದು ಸರ್ಕಾರಿ ಬಸ್ಸಿನ ಚೀಟಿ.

ಅಣ್ಣ ನನಗಿಂತ ಎರಡು ವರ್ಷ ದೊಡ್ಡವನು. ಕುರಿಯ ಹಿಂದೆ ತಿರುಗುವುದು ಅವನಿಗೆ ಒಗ್ಗುತ್ತಿರಲಿಲ್ಲ. ಎಪ್ಪತ್ತೆರಡರಲ್ಲಿ ಒಂದು ದಿನ, ಖಾನಾಪುರಕ್ಕೆ ಹೋಗಿ ಬರುತ್ತೇನೆ ಎಂದು ಅವ್ವನಿಗೆ ಹೇಳಿ, ಬಸ್ಸಿಗೂ ಕಾಯದೆ ಕೆರೆಯ ಏರಿಯ ಮೇಲೆ ನಡೆದು ಹೋದವನು ತಿರುಗಿ ಬರಲಿಲ್ಲ. ಕೆಲವು ತಿಂಗಳ ಮೇಲೆ ಗೋವೆಗೆ ಉಳ್ಳಾಗಡ್ಡಿ ಸಾಗಿಸುವ ಒಬ್ಬ ಲಾರಿ ಡ್ರೈವರು ಖಾನಾಪುರದ ಬಸ್ ನಿಲ್ದಾಣದಲ್ಲಿ ಕಾಕಾನಿಗೆ ಸಿಕ್ಕು, ವಾಸ್ಕೋದ ಬಂದರಿನಲ್ಲಿ ಅವನನ್ನು ಕಂಡೆನೆಂದೂ, ಯಾವುದೋ ಹಡಗಿನಲ್ಲಿ ಕೆಲಸಕ್ಕೆ ಸೇರಿ ಸಮುದ್ರ ದಾಟಿ ಹೋದನೆಂದೂ ಹೇಳಿದ. ಅಷ್ಟೇ. ಅದರ ಮುಂದೆ ಒಂದು ಸುದ್ದಿಯೂ ಇಲ್ಲ.

ಆ ವರ್ಷದ ದೀಪಾವಳಿಯಿಂದ ಅವ್ವ ರೊಟ್ಟಿ ನಿವಾಳಿಸುವುದನ್ನು ಬಿಟ್ಟಳು. ಕಾಕಾ ಕುರಿ ಹೊಡೆದುಕೊಂಡು ಬಂದಾಗ ಕಾಕಿ ಆ ಕೆಲಸ ಮಾಡುತ್ತಿದ್ದಳು, ಅವ್ವ ಒಳಗೆ ಒಲೆಯ ಮುಂದೆ ಕೂತಿರುತ್ತಿದ್ದಳು. ಯಾರಾದರೂ ಕೇಳಿದರೆ, "ನನ್ನ ಕೈಯಾಗಿಂದು ಮೊದಲ ಅವನ ಮಾರಿಗೆ ಇಳೀಬೇಕು. ಆಮ್ಯಾಲೆ ಉಳಿದವರಿಗೆ" ಎನ್ನುತ್ತಿದ್ದಳು. ಸಂಜೆ ಬಸ್ಸು ಬಂದ ಸದ್ದಾದರೆ ಕೈಯ ಕೆಲಸ ನಿಲ್ಲಿಸಿ ಹಾದಿ ನೋಡುತ್ತಿದ್ದಳು. ಆ ಬಸ್ಸಿನಿಂದ ಇಳಿಯುತ್ತಿದ್ದವಳು ನಾನು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಗಿಡದ ಕಡೆಯಿಂದ ನೋಡಿದರೆ ಆ ಗಾದೆಯಲ್ಲಿ ಎಷ್ಟು ಕಹಿ ಇದೆ ಎಂಬುದು ನನಗೆ ಪ್ರತಿ ಶನಿವಾರ ಗೊತ್ತಾಗುತ್ತಿತ್ತು. ಅಣ್ಣನ ಮೇಲೆ ನನಗೆ ಪ್ರೀತಿ ಇರಲಿಲ್ಲವೆಂದಲ್ಲ. ಅವನು ಇಲ್ಲದೆಯೂ ಮನೆಯ ಬಾಗಿಲಿನ ತುಂಬ ನಿಂತಿರುತ್ತಿದ್ದ, ನಾನು ಪಕ್ಕಕ್ಕೆ ಸರಿದು ಒಳಗೆ ಹೋಗಬೇಕಾಗುತ್ತಿತ್ತು.

ಹೀಗಿರುವಾಗ ನಮ್ಮ ಶಾಲೆಗೆ ಒಂದು ಸುತ್ತೋಲೆ ಬಂತು. ಲಂಕೆಯ ದಕ್ಷಿಣದ ಕಡಲ ತೀರದಲ್ಲಿ ಆಮೆಯ ಮೊಟ್ಟೆ ಕಾಯುವ ಸೇವಾ ಶಿಬಿರ. ಸಂಬಳವಿಲ್ಲ, ಊಟ ವಸತಿ ಅವರದು. ವಿಜ್ಞಾನ ಕಲಿಸುವವರಿಗೆ ಆದ್ಯತೆ. ಮುಖ್ಯಾಧ್ಯಾಪಕಿ ನಗುತ್ತ ಓದಿ ಹೇಳಿದರು. ನಾನು ನಗಲಿಲ್ಲ, ಹೆಸರು ಕೊಟ್ಟೆ. ಆಮೆಯ ಮೇಲೆ ನನಗೆ ಅಂಥ ಮಮತೆ ಏನೂ ಇರಲಿಲ್ಲ. ನಮ್ಮ ಕೆರೆಯ ಆಮೆಗಳನ್ನು ಕಂಡಿದ್ದೆ, ಅವು ನನ್ನನ್ನು ಕಂಡಿದ್ದವು, ಸಂಬಂಧ ಅಲ್ಲಿಗೆ ಮುಗಿದಿತ್ತು. ಇದ್ದ ಆಸೆ ಬೇರೆ. ಸಮುದ್ರ ದಾಟಿ ಹೋಗಿ ಬಂದವಳನ್ನು ಅವ್ವ ಹೊಸ್ತಿಲಲ್ಲಿ ನಿಲ್ಲಿಸದೆ ಇರಲಾರಳು. ಒಂದು ಸಾರಿ, ಒಂದೇ ಒಂದು ಸಾರಿ, ನಾನು ಬಂದದ್ದೂ ಒಂದು ಬರುವಿಕೆಯೇ ಎಂದು ಅವಳು ಎಣಿಸಬೇಕು.

ಮನೆಯಲ್ಲಿ ಹೇಳಿದಾಗ ಕಾಕಾ ತಂಬಾಕು ತಿಕ್ಕುತ್ತ ಕೂತಿದ್ದ. "ಸಂಬಳ ಇಲ್ದ ಆಮಿ ತತ್ತಿ ಕಾಯಾಕ ಸಮುದ್ರ ದಾಟಬೇಕೇನವಾ? ನಮ್ಮ ಕುರಿ ಕಾಯಿ. ಅದಕ್ಕೂ ಸಂಬಳ ಇಲ್ಲ" ಎಂದ.

ಅವ್ವ ಮಾತ್ರ ನಗಲಿಲ್ಲ. "ಸಮುದ್ರ ದಾಟಿ ಅಂದ್ಯಾ?" ಎಂದು ಕೇಳಿ ಒಳಗೆ ಹೋದಳು. ಬರುವಾಗ ಅವಳ ತೋಳಿನ ಮೇಲೆ ಕಂಬಳಿ ಇತ್ತು. ಅಣ್ಣ ಮರಿಯಿಂದ ಸಾಕಿದ್ದ ಕುರಿಯ ಉಣ್ಣೆಯನ್ನು ವರ್ಷ ವರ್ಷ ಕೂಡಿಟ್ಟು, ತಾನೇ ನೂತು, ನೇಯಿಸಿದ್ದು. ಅದನ್ನು ಯಾರೂ ಹೊದೆಯುವಂತಿರಲಿಲ್ಲ.

"ಅವ ಆಚೆ ಕಡೆನ ಅದಾನಲ್ಲ. ನೀನೂ ಆಚೆ ಕಡೆನ ಹೊಂಟಿ. ಕೊಟ್ಟು ಬಾ" ಎಂದಳು.

ಅವ್ವನ ಪಾಲಿಗೆ ಸಮುದ್ರವೆಂದರೆ ಖಾನಾಪುರದ ಮಲಪ್ರಭೆಯ ಅಕ್ಕ. ಈಚೆ ಒಂದು ದಂಡೆ, ಆಚೆ ಒಂದು ದಂಡೆ, ಆಚೆಗೆ ಹೋದವರೆಲ್ಲ ಆಚೆ ದಂಡೆಯ ಮೇಲೇ ಇರಬೇಕಲ್ಲ. ನಾನು ಶಾಲೆಯ ನಕಾಶೆ ತಂದು ತೋರಿಸಿದೆ. ಇದು ಗೋವೆ, ಇದು ಅರಬರ ಸೀಮೆ, ಇದು ಆಫ್ರಿಕಾ, ಇದು ಲಂಕೆ, ಇಷ್ಟರಲ್ಲಿ ಅವನು ಎಲ್ಲಿದ್ದಾನೋ ಎಂದೆ. ಅವಳು ನಕಾಶೆಯ ಮೇಲೆ ಬೆರಳಾಡಿಸಿ, "ಚಿತ್ರದಾಗ ಎಲ್ಲಾ ದೂರ ಕಾಣತೈತಿ. ಹ್ವಾದಮ್ಯಾಲ ಹತ್ರನ ಇರತೈತಿ" ಎಂದು ಕಂಬಳಿಯನ್ನು ನನ್ನ ಟ್ರಂಕಿನ ತಳದಲ್ಲಿ ಮಡಚಿಟ್ಟಳು. ನನ್ನ ಸೀರೆಗಳನ್ನು ಅದರ ಮೇಲೆ ಇಟ್ಟಳು. ನನಗೆಂದು ಒಂದು ಮಾತೂ ಹೇಳಲಿಲ್ಲ.

ಬೆಳಗಾವಿಯಿಂದ ಸಣ್ಣ ಹಳಿಯ ಗಾಡಿಯಲ್ಲಿ ಬೆಂಗಳೂರು, ಅಲ್ಲಿಂದ ಮದ್ರಾಸು, ಅಲ್ಲಿಂದ ರಾಮೇಶ್ವರ. ಹಡಗಿನಲ್ಲಿ ಅರ್ಧ ದಿನವೂ ಹಿಡಿಯಲಿಲ್ಲ. ಅವ್ವನ ಮಾತೇ ಖರೆಯಾಯಿತಲ್ಲ ಎಂದು ನನಗೆ ಒಂದು ಗಳಿಗೆ ಭಯವೂ ಆಸೆಯೂ ಹುಟ್ಟಿತು. ಆಚೆ ದಂಡೆಯಲ್ಲಿ ಇಳಿಯುವಾಗ ಕಟ್ಟೆಯ ಮೇಲೆ ನಿಂತಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದೆ. ಅವ್ವನ ಮಗಳಲ್ಲವೇ, ಆ ಚಾಳಿ ನನಗೂ ಬಂದಿತ್ತು.

ಶಿಬಿರವೆಂದರೆ ಕಡಲ ಅಂಚಿನಲ್ಲಿ ತೆಂಗಿನ ಗರಿಯ ನಾಲ್ಕು ಗುಡಿಸಲು ಮತ್ತು ಮರಳಿಗೆ ಬಿದಿರಿನ ಬೇಲಿ ಹಾಕಿದ ಒಂದು ಅಂಗಳ. ಅದನ್ನು ನಡೆಸುತ್ತಿದ್ದವಳು ಕೊಲಂಬೊದ ಒಬ್ಬ ಕಾಲೇಜು ಉಪಾಧ್ಯಾಯಿನಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು, ಗಂಡಸರ ಅಂಗಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಗಟ್ಟಿ ದನಿ. ಎಲ್ಲರೂ ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದರು. ಸಿಂಹಳದಲ್ಲಿಯೂ ಅಕ್ಕ ಅಕ್ಕನೇ. ಪರದೇಶದಲ್ಲಿ ಮೊದಲ ದಿನವೇ ಒಬ್ಬ ಅಕ್ಕ ಸಿಕ್ಕಳು, ನನ್ನ ಎದೆ ಸ್ವಲ್ಪ ಹಗುರಾಯಿತು. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು, ಇಬ್ಬರದೂ ಒಂದೇ ತರದ ಶಾಲೆ ಇಂಗ್ಲಿಷು.

ಕೆಲಸ ಹೀಗೆ. ಸಮುದ್ರದ ಆಮೆಗಳು ಮರಳು ತೋಡಿ ಮೊಟ್ಟೆ ಇಟ್ಟು ಹೋಗುತ್ತವೆ. ನಾಯಿಗಳು, ಉಡಗಳು, ಮನುಷ್ಯರು ಬರುವ ಮೊದಲು ನಾವು ಹೋಗಿ, ಆ ಮೊಟ್ಟೆಗಳನ್ನು ಅಲುಗಿಸದೆ ಬುಟ್ಟಿಯಲ್ಲಿ ತಂದು ಬೇಲಿಯ ಒಳಗಿನ ಮರಳಲ್ಲಿ ಅಷ್ಟೇ ಆಳಕ್ಕೆ ಹೂಳಬೇಕು. ಆಮೇಲೆ ಮರಿ ಹೊರಬರುವವರೆಗೆ ಸರದಿಯ ಮೇಲೆ ಕಾಯಬೇಕು. ಹೂತಿಟ್ಟ ಮೊಟ್ಟೆ ಒಡೆಯಲು ಹತ್ತಿರ ಹತ್ತಿರ ಎರಡು ತಿಂಗಳು ಬೇಕು. ನಾನು ಹೋದಾಗ ಮುಂಚಿನವರು ಹೂತಿದ್ದವು ಒಡೆಯಲು ಇನ್ನೂ ಕೆಲವು ವಾರ ಬೇಕಿತ್ತು. ನಾನು ಹೂತವುಗಳ ಮರಿಯನ್ನು ನಾನು ನೋಡುವಂತಿರಲಿಲ್ಲ.

ತಾಯಿ ಆಮೆಯನ್ನು ನೋಡಿದ್ದು ಒಂದು ಬೆಳಗಿನ ಜಾವ. ಅದು ತಡವಾಗಿ ಬಂದಿತ್ತೋ ಏನೋ, ಬೆಳಕು ಹರಿಯುತ್ತಿದ್ದರೂ ಇನ್ನೂ ಮರಳು ಮುಚ್ಚುತ್ತಿತ್ತು. ನಮ್ಮ ಮನೆಯ ಜೋಳದ ಕಣಜದ ಮುಚ್ಚಳದಷ್ಟು ದೊಡ್ಡದು. ಕಾಲುಗಳಲ್ಲಿ ಮರಳು ಎಳೆದು ಎಳೆದು ಹಾಕುತ್ತ ನಡುನಡುವೆ ದೊಡ್ಡ ಉಸಿರು ಬಿಡುತ್ತಿತ್ತು, ಹೊರೆ ಇಳಿಸಿದ ಹೆಂಗಸಿನ ಹಾಗೆ. ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೈಯೊಳಗಿನ ಉಪ್ಪು ಹಾಗೆ ಹೊರಗೆ ಹೋಗುತ್ತದೆ ಎಂದಳು ಅಕ್ಕ. ವಿಜ್ಞಾನದ ಮಾತು, ನಾನು ತಕರಾರು ಮಾಡಲಿಲ್ಲ. ಆದರೆ ಅದು ಸಮುದ್ರದ ಕಡೆ ತಿರುಗಿ, ಮೈ ಎಳೆದುಕೊಂಡು ಹೋಗಿ, ಮೊದಲ ತೆರೆ ತಗುಲಿದೊಡನೆ ಹಗುರಾಗಿ ತೇಲಿ ಹೋದಾಗ, ನನಗೆ ಯಾಕೋ ಅವ್ವ ನೆನಪಾದಳು. ಅವಳು ಎಂದಾದರೂ ಅಷ್ಟು ಹಗುರಾದದ್ದನ್ನು ನಾನು ನೋಡಿರಲಿಲ್ಲ.

ಬಿಡುವಿನ ಒಂದು ದಿನ ಅಕ್ಕ ನಮ್ಮನ್ನೆಲ್ಲ ಲಾರಿಯಲ್ಲಿ ಕಾಡಿಗೆ ಕರೆದೊಯ್ದಳು. ಕೆರೆಯ ದಂಡೆಯಲ್ಲಿ ಆನೆಗಳ ಹಿಂಡು, ಕೆಸರಿನಲ್ಲಿ ಕಾಡೆಮ್ಮೆಗಳು, ಬಂಡೆಯೆಂದು ತಿಳಿದದ್ದು ಬಾಯಿ ತೆರೆದರೆ ಮೊಸಳೆ. ಖಾನಾಪುರದ ಕಾಡಿನಲ್ಲಿ ಕಾಡುಕೋಣ ಎದುರಾದರೆ ಓಡುವುದು ನಮ್ಮ ಪದ್ಧತಿ. ಇಲ್ಲಿ ಅಂಥವುಗಳನ್ನು ನೋಡಲು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ನಾನು ಹಿಂಡಿನ ಆನೆಮರಿಯೊಂದನ್ನು ಬಹಳ ಹೊತ್ತು ನೋಡಿದೆ. ಅದು ತಾಯಿಯ ಕಾಲಿನ ಸಂದಿಯಲ್ಲಿ ನುಸುಳಿ ನುಸುಳಿ ಹೋಗುತ್ತಿತ್ತು, ತಾಯಿ ಒಂದು ಸಾರಿಯೂ ತಿರುಗಿ ನೋಡದೆ ಸೊಂಡಿಲಿನಿಂದ ಅದನ್ನು ಮುಟ್ಟಿ ಮುಟ್ಟಿ ತಿಳಿದುಕೊಳ್ಳುತ್ತಿತ್ತು.

ಮರುವಾರ ಅಕ್ಕನಿಗೆ ಕಂಬಳಿಯ ಕತೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು, ಹತ್ತಿರದ ಬಂದರಿಗೆ ಹೋಗೋಣ, ಹುಡುಕಲಿಲ್ಲ ಎಂಬ ಮಾತು ಬೇಡ ಎಂದಳು. ಹೋದೆವು. ಸಣ್ಣ ಬಂದರು. ಎರಡು ಹಡಗು ನಿಂತಿದ್ದವು. ಅಕ್ಕ ಚಹಾದಂಗಡಿಗಳಲ್ಲಿ, ಮೂಟೆ ಹೊರುವವರ ನಡುವೆ ವಿಚಾರಿಸಿದಳು: ತೆಳ್ಳಗಿನ ಮನುಷ್ಯ, ಇಂಡಿಯಾದವನು, ಎಡಹುಬ್ಬಿನ ಮೇಲೆ ಟಗರು ಹಾಯ್ದ ಗಾಯದ ಗುರುತು. ಜನ ಇಲ್ಲವೆಂದು ತಲೆಯಾಡಿಸಿದರು. ಹಡಗುಗಳು ಬರುತ್ತವೆ, ಹೋಗುತ್ತವೆ. ಹೊರಡುವ ಮುಂಚೆ ನನಗೆ ಏನಾಯಿತೋ, ಕಟ್ಟೆಯ ತುದಿಗೆ ಹೋಗಿ, ಕಂಬಳಿ ಎದೆಗವಚಿಕೊಂಡು, ಮನೆಯಲ್ಲಿ ಊಟಕ್ಕೆ ಕರೆಯುವ ದನಿಯಲ್ಲಿ "ಅಣ್ಣಾ" ಎಂದು ಕೂಗಿದೆ. ನಾಲ್ಕೈದು ಮಂದಿ ತಿರುಗಿ ನೋಡಿದರು. ತಮಿಳು ಕೂಲಿಗಳು. ಅವರ ಭಾಷೆಯಲ್ಲಿಯೂ ಅದು ಅದೇ. ಒಬ್ಬ ಮೂಟೆ ಇಳಿಸಿ, ಏನಮ್ಮಾ ಎಂದು ಹತ್ತಿರ ಬಂದ. ಇಷ್ಟೊಂದು ಅಣ್ಣಂದಿರು ಓಗೊಟ್ಟರು, ನಮ್ಮವನೊಬ್ಬನನ್ನು ಬಿಟ್ಟು. ಆ ದಿನ ನನಗೆ ಅವನ ಮೇಲಿದ್ದ ಹೊಟ್ಟೆಕಿಚ್ಚು ಸುಟ್ಟು ಹೋಗಿ ಬರೀ ಹಂಬಲ ಉಳಿಯಿತು. ಅವ್ವನಿಗಾಗಿ ಅಲ್ಲ, ನನಗಾಗಿಯೇ ಅವನು ಬೇಕೆನಿಸಿತು.

ಬೇಲಿಯ ಒಳಗಿನ ಮೊಟ್ಟೆಗಳು ಒಡೆದದ್ದು ನಾನು ಹೊರಡುವ ದಿನಗಳು ಹತ್ತಿರ ಬಂದಾಗ. ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಮರಳು ಕುದಿಯುವ ಅಂಬಲಿಯ ಹಾಗೆ ಅಲುಗಾಡಿತು. ಮೊದಲು ಒಂದು ತಲೆ, ಆಮೇಲೆ ಹತ್ತು, ಆಮೇಲೆ ಎಣಿಸುವುದೇ ಬೇಡ. ಒಂದೊಂದೂ ನನ್ನ ಅಂಗೈಯ ಅರ್ಧ. ಅಕ್ಕ ಬೇಲಿಯ ಬಾಗಿಲು ತೆಗೆದಳು. ಅವು ಸಮುದ್ರದ ಕಡೆಗೆ ಹೊರಟವು, ಯಾರೂ ದಾರಿ ತೋರಿಸದೆ. ಗಟ್ಟಿ ಇದ್ದವು ಮುಂದೆ ಹೋದವು. ಕೆಲವು ಸೋತಿದ್ದವು. ನಾಲ್ಕು ಹೆಜ್ಜೆಗೆ ನಿಂತು, ಕುತ್ತಿಗೆ ಚಾಚಿ, ಮತ್ತೆ ಎರಡು ಹೆಜ್ಜೆ. ಮೇಲೆ ಕಾಗೆಗಳು ಸುತ್ತುತ್ತಿದ್ದವು.

ನಮ್ಮಲ್ಲಿ ಹಾದಿಯಲ್ಲಿ ಕುರಿ ಈದರೆ, ಮರಿಯನ್ನು ಕಂಬಳಿಯ ಮಡಿಕೆಯಲ್ಲಿ ಹಾಕಿಕೊಂಡು ಹಟ್ಟಿಯವರೆಗೆ ಹೊತ್ತು ತರುತ್ತೇವೆ. ನಡೆಯಲಾರದ ಮರಿಯನ್ನು ನಡೆಸುವವನು ಕುರುಬನೇ ಅಲ್ಲ. ಕೈ ತಾನೇ ಆ ಕೆಲಸ ಮಾಡಿತು. ಗುಡಿಸಲಿಗೆ ಓಡಿ ಕಂಬಳಿ ತಂದು, ಸೋತ ಮರಿಗಳನ್ನೆಲ್ಲ ಆರಿಸಿ ಅದರ ಮಡಿಕೆಯಲ್ಲಿ ಹಾಕಿಕೊಂಡು ನೀರಿನ ಅಂಚಿಗೆ ನಡೆದೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆಂಬ ಹೆಮ್ಮೆಯೂ ಇತ್ತು.

ಅಕ್ಕನ ದನಿ ಹಿಂದಿನಿಂದ ಬಡಿಯಿತು. ಅವಳು ಓಡಿ ಬಂದು, ಮರಿಗಳನ್ನು ಒಂದೊಂದಾಗಿ ನನ್ನ ಕಂಬಳಿಯಿಂದ ತೆಗೆದು ಮತ್ತೆ ಬೇಲಿಯ ಬಾಗಿಲಿಗೇ ಒಯ್ದು ಬಿಟ್ಟಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕಲ್ಲೆದೆಯವಳು, ಮಕ್ಕಳನ್ನು ಹಡೆದಿಲ್ಲ, ಕುರಿಯನ್ನೂ ಸಾಕಿಲ್ಲ ಎಂದು ಕನ್ನಡದಲ್ಲಿ ಬೈದೆ. ಅವಳಿಗೆ ಅರ್ಥವಾಗಲಿಲ್ಲ, ಆದರೆ ಬೈದದ್ದು ಗೊತ್ತಾಯಿತು. ಪಕ್ಕದಲ್ಲಿ ಕುಳಿತು ಸಮಾಧಾನವಾಗಿ ಹೇಳಿದಳು. ಇವು ಈ ಮರಳಿನ ಮೇಲೆ ತಾವೇ ನಡೆಯಬೇಕು. ಆ ನಡಿಗೆಯಲ್ಲಿಯೇ ಈ ದಡದ ಗುರುತು ಅವುಗಳ ಮೈಗೆ ಹತ್ತುತ್ತದೆ ಎಂದು ನಾವು ನಂಬುತ್ತೇವೆ. ಬದುಕಿ ಉಳಿದರೆ, ಎಷ್ಟೋ ವರ್ಷ ಎಲ್ಲೆಲ್ಲೋ ತಿರುಗಿ, ಮೊಟ್ಟೆ ಇಡಲು ಇದೇ ದಡಕ್ಕೆ ಬರುತ್ತವೆ. ನೀನು ಹೊತ್ತುಕೊಂಡು ಹೋದರೆ ಅವು ಯಾವ ದಡಕ್ಕೆ ಬರಬೇಕು?

ಕಾಗೆ ಓಡಿಸಲು ಅಡ್ಡಿ ಇರಲಿಲ್ಲ. ಎಲ್ಲಕ್ಕಿಂತ ಹಿಂದೆ ಉಳಿದಿದ್ದ ಒಂದು ಮರಿಯ ಪಕ್ಕದಲ್ಲಿ ಕಂಬಳಿ ಬೀಸುತ್ತ ನಾನು ಅದರ ವೇಗದಲ್ಲಿಯೇ ನಡೆದೆ. ಬಾಯಲ್ಲಿ ಕುರಿಮರಿಗೆ ಹೇಳುವ ಮಾತುಗಳೇ ಬರುತ್ತಿದ್ದವು. ನೀರು ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿದ್ದ. ತೆರೆ ಬಂದು ಅದನ್ನು ಎತ್ತಿಕೊಂಡಿತು. ಒಂದು ಸಾರಿ ತಲೆ ಕಾಣಿಸಿತು, ಮತ್ತೆ ಇಲ್ಲ.

ಇದೂ ತಿರುಗಿ ಬರುತ್ತದಾ ಎಂದು ಅಕ್ಕನನ್ನು ಕೇಳಿದೆ. ಹೆಣ್ಣಾಗಿದ್ದರೆ ಬರಬಹುದು ಎಂದಳು. ಗಂಡಾಗಿದ್ದರೆ? ಗಂಡು ಒಮ್ಮೆ ನೀರಿಗಿಳಿದ ಮೇಲೆ ಬದುಕಿರುವ ತನಕ ಮತ್ತೆ ದಡ ಹತ್ತುವುದಿಲ್ಲ, ಅದಕ್ಕೆ ದಡದ ಕೆಲಸವೇ ಇಲ್ಲ ಎಂದಳು. ಇದು ಗಂಡೋ ಹೆಣ್ಣೋ ಎಂದೆ. ಇಷ್ಟು ಚಿಕ್ಕದಿದ್ದಾಗ ನೋಡಿ ಹೇಳಲು ಬರುವುದಿಲ್ಲ ಎಂದಳು. ಕತ್ತಲಾಗುವವರೆಗೆ ಇಬ್ಬರೂ ಆ ನೀರನ್ನು ನೋಡುತ್ತ ಕೂತೆವು. ಆ ದಡಕ್ಕೆ ಮತ್ತೆ ಹೋಗಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ. ಎರಡು ಮೂರು ವರ್ಷದಲ್ಲಿ ಅಲ್ಲಿ ಗಲಭೆಯಾಗಿ, ರಾಮೇಶ್ವರದ ಹಡಗು ನಿಂತುಹೋಯಿತು. ಅಕ್ಕ ಏನಾದಳೋ ತಿಳಿಯಲಿಲ್ಲ.

ಬೀಡಿಯ ಬಸ್ಸು ಇಳಿದದ್ದು ಸಂಜೆ. ಟ್ರಂಕು ತಲೆಯ ಮೇಲೆ, ಸೀರೆ ಬೆವರಿಗೆ ಒದ್ದೆ, ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಅವ್ವ ಬಾಗಿಲಲ್ಲಿಯೇ ನಿಂತಿದ್ದಳು. ನನ್ನ ಕಾಲುಗಳು ಹೊಸ್ತಿಲ ಆಚೆಗೆ ತಾವಾಗಿಯೇ ನಿಂತವು. ಅವಳು ನನ್ನನ್ನು ನೋಡಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಿನ ಹಾದಿ ನೋಡಿದಳು. ಹಾದಿಯಲ್ಲಿ ಯಾರೂ ಇರಲಿಲ್ಲ. ಟ್ರಂಕು ಇಳಿಸಿಕೊಂಡು, ಅಲ್ಲೇ ತೆಗೆದು, ಕಂಬಳಿ ಎಳೆದಳು.

"ಕೊಡಲಿಲ್ಲೇನು?"

"ಸಿಗಲಿಲ್ಲಬೇ."

ಅವಳು ಕಂಬಳಿಯನ್ನು ಎತ್ತಿಕೊಂಡು ಒಳಗೆ ಹೋದಳು. ಕಾಕಿಗೆ ಪಾಪ ಅನ್ನಿಸಿರಬೇಕು. "ನಿಂದರು ತಂಗಿ, ನಾ ತುಣುಕು ತರತೀನಿ" ಎಂದಳು. ಬೇಡ ಎಂದು ನಾನು ಸೀದಾ ಒಳಗೆ ನಡೆದೆ. ಕಾಕಿಯ ಕೈಯದು ನನಗೆ ಬೇಕಿರಲಿಲ್ಲ. ಆ ರಾತ್ರಿ ಉಣ್ಣದೆ ಮಲಗಿದೆ. ಸಮುದ್ರ ದಾಟಿದರೂ ನಾನು ಕೆರೆಯಿಂದ ಬಂದವಳೇ ಆಗಿ ಉಳಿದೆ.

ಮರುದಿನ ಅವ್ವ ಕಂಬಳಿಯನ್ನು ಬಿಸಿಲಿಗೆ ಹರವಿ ಝಾಡಿಸಿದಳು. ಮರಳು ಉದುರಿತು. ಅದನ್ನು ಬೆರಳಲ್ಲಿ ಹಿಡಿದು, "ಏನಿದು?" ಎಂದಳು. ನಾನು ಸಿಟ್ಟು ಬಿಟ್ಟು ಎಲ್ಲ ಹೇಳಿದೆ. ಬಂದರಿನಲ್ಲಿ ಕೂಗಿದ್ದು, ತಾಯಿ ಆಮೆ, ಮರಿಗಳು, ಕಂಬಳಿಯಲ್ಲಿ ಹೊತ್ತುಕೊಂಡು ಹೋಗಿ ಬೈಸಿಕೊಂಡದ್ದು. ಅವ್ವ ಉಣ್ಣೆ ನೂಲುವ ಕದಿರು ತಿರುಗಿಸುತ್ತ ಕೇಳುತ್ತಿದ್ದಳು. ಆಮೆಗಳು ಎಷ್ಟೋ ವರ್ಷದ ಮೇಲೆ ಹುಟ್ಟಿದ ದಡಕ್ಕೇ ಬರುತ್ತವೆ ಎಂದಾಗ ಅವಳ ಕೈಯಲ್ಲಿ ಕದಿರು ನಿಂತಿತು.

"ನಡಕೋತ ಹೋಗಿದ್ರ ಬರತಾವು ಅಂದಿ?"

"ಹಂಗ ಹೇಳ್ತಾರ."

"ಅವ ನಡಕೋತನ ಹ್ವಾದ. ಬಸ್ಸು ಹತ್ತಲಿಲ್ಲ. ಕೆರಿ ಏರಿ ಮ್ಯಾಲೆ ಹೋಗೂದು ನಾ ನೋಡೀನಿ" ಎಂದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ಮಾತು ಅಲ್ಲಿಗೇ ನಿಲ್ಲಲೆಂದು ದೇವರಲ್ಲಿ ಬೇಡಿಕೊಂಡೆ. ನಿಲ್ಲಲಿಲ್ಲ.

"ಗಂಡೂ ಬರತಾವೇನು?"

ಹೂಂ ಎಂದುಬಿಡಬಹುದಿತ್ತು. ಒಂದೇ ಅಕ್ಷರ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಹಾದಿಯನ್ನಲ್ಲ. ಆ ಕಣ್ಣಿಗೆ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ.

"ಇಲ್ಲಬೇ. ಗಂಡು ಬರಂಗಿಲ್ಲ. ಹೆಣ್ಣಷ್ಟ ಬರತಾವು."

ಅವ್ವ ನನ್ನ ಮುಖದಿಂದ ಕಣ್ಣು ತೆಗೆದಳು. ಕದಿರು ಮತ್ತೆ ತಿರುಗಿತು. ನೂಲು ಒಂದು ಸಾರಿ ಹರಿಯಿತು, ಅದನ್ನು ನೆಕ್ಕಿ ಹೊಸೆದು ಗಂಟು ಹಾಕಿದಳು. ಸಂಜೆಯ ತನಕ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಬೆಳಗಾವಿಯ ಬಸ್ಸು ಹತ್ತಿದೆ.

ಅಣ್ಣ ಬರಲೇ ಇಲ್ಲ. ಅವ್ವನೂ ಹೋಗಿ ಬಹಳ ವರ್ಷವಾಯಿತು. ಬೀಡಿಯ ಮನೆಯಲ್ಲಿ ಈಗ ಕಾಕಾನ ಮಕ್ಕಳು, ಮೊಮ್ಮಕ್ಕಳು ಗಲಗಲ ಎನ್ನುತ್ತ ಇದ್ದಾರೆ. ಯಾವಾಗ ಹೋದರೂ, ಬರ್ರಿ ಅತ್ತಿ, ಒಳಗ ಬರ್ರಿ, ಕುಂದರ್ರಿ ಎಂದು ಕೈ ಹಿಡಿದು ಕರೆಯುತ್ತಾರೆ. ನಾನು ಹೊಸ್ತಿಲ ಆಚೆಗೆ ಒಂದು ಗಳಿಗೆ ನಿಲ್ಲುತ್ತೇನೆ. ಮೊಣಕಾಲು ನೋವಿಗೆ ನಿಂತಳೆಂದು ಅವರು ತಿಳಿಯುತ್ತಾರೆ. ನಾನು ನಿಲ್ಲುವುದು ಆ ವರ್ಷದ ಜೂನಿನ ಒಂದು ಶನಿವಾರಕ್ಕಾಗಿ.

ಶಾಲೆ ಶುರುವಾಗಿ ಅದು ಮೊದಲನೆಯ ಶನಿವಾರ. ಮಳೆ ಹಿಡಿದಿತ್ತು. ಹೋಗುವುದೋ ಬೇಡವೋ ಎಂದು ರವಿವಾರ ಪೇಟೆಯಲ್ಲಿ ಅಂಗಡಿಯ ಸೂರಿನ ಕೆಳಗೆ ಬಹಳ ಹೊತ್ತು ನಿಂತೆ. ನಾನು ಹೇಳಿದ ಮಾತಿಗೆ ಅವ್ವ ಮುಖ ಕೊಟ್ಟು ಮಾತಾಡುತ್ತಾಳೋ ಇಲ್ಲವೋ ಎಂಬ ಅಳುಕು. ಕಡೆಗೆ ಬೆಲ್ಲ ಕಟ್ಟಿಸಿಕೊಂಡು ಹೋದೆ. ಖಾನಾಪುರದಲ್ಲಿ ಬಸ್ಸು ತಡವಾಯಿತು. ಬೀಡಿ ಮುಟ್ಟಿದಾಗ ಕೊಡೆ ಇದ್ದರೂ ಮೈಯೆಲ್ಲ ತೊಯ್ದಿತ್ತು. ಮನೆಯ ಹತ್ತಿರ ಬಂದೆ, ಎಂದಿನಂತೆ ಪಕ್ಕಕ್ಕೆ ಸರಿದು ಒಳಗೆ ಹೋಗಲು ಕಾಲೆತ್ತಿದೆ.

"ಅಲ್ಲೇ ನಿಂದರು" ಎಂದಳು ಅವ್ವ.

ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು. ಒಂದು ಕೈಯಲ್ಲಿ ತಂಬಿಗೆ, ಒಂದು ಕೈಯಲ್ಲಿ ರೊಟ್ಟಿಯ ತುಣುಕು. ಹಿಂದೆ ಯಾರಾದರೂ ಬಂದರೇನೋ ಎಂದು ನಾನೇ ತಿರುಗಿ ಹಾದಿ ನೋಡಿದೆ. ಹಾದಿಯಲ್ಲಿ ಮಳೆ ಮಾತ್ರ ಇತ್ತು.

"ಅವ್ವಾ, ನಾ ಬೆಳಗಾವಿಯಿಂದ ಬಂದೀನಿ" ಎಂದೆ.

"ಗೊತ್ತೈತಿ. ಬಂದ್ಯಲ್ಲ" ಎಂದಳು.

ತುಣುಕನ್ನು ನನ್ನ ಮುಖದ ಸುತ್ತ ಇಳಿಸಿ ಮಳೆಯೊಳಗೆ ಒಗೆದಳು. ಒಂಬತ್ತು ವರ್ಷ ಅವಳು ಕೈಬಿಟ್ಟಿದ್ದ ಕೆಲಸ ಅದು. ಮೊದಲೇ ಒದ್ದೆಯಾಗಿದ್ದ ನನ್ನ ಕಾಲಿಗೆ ಬಗ್ಗಿ ನೀರು ಹಾಕಿದಳು. ಬೆರಳು ಅದ್ದಿ ನನ್ನ ಎರಡೂ ಕಣ್ಣಿಗೆ ಹಚ್ಚಿ, "ಒಳಗ ಬಾ" ಎಂದಳು.

ಒಳಗೆ ಹೋದೆ. ಒಲೆಯ ಮುಂದೆ ಕೂಡಿಸಿ, ಅಣ್ಣನ ಕಂಬಳಿಯನ್ನು ನನ್ನ ಹೆಗಲ ಮೇಲೆ ಹೊದಿಸಿದಳು. ಬೆಲ್ಲ ನನ್ನ ಚೀಲದಲ್ಲಿಯೇ ಇತ್ತು. ಆ ಶನಿವಾರ ಅವ್ವ ಅದನ್ನು ಕೇಳಲಿಲ್ಲ.